ಕಲ್ಲು ವ್ಯಾಪಾರಿಯ ಡೀಸೆಲ್ ಎಂಜಿನ್

‘ಗುರುಗಳೇ, ನನ್ನೊಳಗಿನ ಸಂಕೋಚವನ್ನು ಕಿತ್ತು ಆಚೆ ಎಸೆದು, ಆ ಜಾಗದಲ್ಲಿ ಧೈರ್ಯವನ್ನು ಕೂರಿಸುವುದು ಹೇಗೆ?’

ಕೇಳಿದವನು ಚನ್ನವೀರ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಓದಿನಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಆದರೆ ನಾಲ್ಕು ಜನರ ಮುಂದೆ ನಿಂತರೆ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಬರುವ ಸೋಮವಾರ ಪಕ್ಕದ ಊರಿನಲ್ಲಿ ಅವನು ಮೊದಲ ಬಾರಿಗೆ ಪ್ರವಚನ ಹೇಳಬೇಕಿತ್ತು. ಮಠದ ಇನ್ನೊಬ್ಬ ಶಿಷ್ಯ ಎದ್ದು ನಿಂತರೆ ಎರಡು ತಾಸು ತಡೆಯಿಲ್ಲದೆ ಮಾತಾಡುತ್ತಿದ್ದ. ತನಗೂ ಅಂಥ ಬಾಯಿ ಬೇಕೆಂದು ಚನ್ನವೀರನಿಗೆ ಆಸೆ.

ಗುರುಗಳು ನಕ್ಕು ಅವನನ್ನು ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ತೋಟಪ್ಪ ಎಂಬ ಕಲ್ಲು ವ್ಯಾಪಾರಿ ಇದ್ದ. ರುಬ್ಬುವ ಕಲ್ಲು, ಬೀಸುವ ಕಲ್ಲು ಅವನ ಸರಕು. ಅವನ್ನು ಒಂದು ಹಳೆಯ ಪೆಟ್ರೋಲ್ ಪಿಕಪ್ ಗಾಡಿಯಲ್ಲಿ ಹೇರಿಕೊಂಡು, ಗುಡ್ಡ ಹತ್ತಿ ಇಳಿದು, ಆಚೆಯ ಊರಿನ ಸಂತೆಗೆ ಒಯ್ಯುತ್ತಿದ್ದ. ಹೆಂಡತಿ ಗಂಗವ್ವ ಪಕ್ಕದಲ್ಲಿ ಕೂರುತ್ತಿದ್ದಳು. ಕಲ್ಲು ಕಡೆಯುವವನು ಅವನಾದರೆ, ಮಾರುವವಳು ಅವಳು.

ಗಾಡಿಯ ಮೈ ಗಟ್ಟಿಮುಟ್ಟಾಗಿತ್ತು. ಎಂಜಿನ್ ಮಾತ್ರ ಸೋತಿತ್ತು. ಗುಡ್ಡದ ಅರ್ಧಕ್ಕೆ ಬಂದರೆ ಏದುಸಿರು ಬಿಡುತ್ತಿತ್ತು. ಆಗ ಗಂಗವ್ವ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಎಂಜಿನ್ ತಣ್ಣಗಾಗುವ ತನಕ ಇಬ್ಬರೂ ರಸ್ತೆಯ ಬದಿಯಲ್ಲಿ ಕಾಯಬೇಕು. ಅವರು ಮುಟ್ಟುವಷ್ಟರಲ್ಲಿ ಸಂತೆ ಅರ್ಧ ಮುಗಿದಿರುತ್ತಿತ್ತು. ಗಿರಾಕಿಗಳು ಬೇರೆಯವರ ಕಲ್ಲು ಕೊಂಡು ಮನೆ ಸೇರಿರುತ್ತಿದ್ದರು. ಉಳಿದ ಕಲ್ಲನ್ನು ಮತ್ತೆ ಅದೇ ಗುಡ್ಡ ಹತ್ತಿಸಿ ತರಬೇಕು. ಹೀಗೇ ನಡೆದರೆ ಆ ಸಂತೆಯನ್ನೇ ಕೈಬಿಡಬೇಕಾಗುತ್ತದೆ ಎಂದು ತೋಟಪ್ಪನಿಗೆ ಚಿಂತೆ ಹತ್ತಿತು.

ಆ ಊರಿನ ಮೆಕ್ಯಾನಿಕ್ ಮೌಲಾಸಾಬ. ಅವನ ಶೆಡ್ಡಿಗೆ ಒಮ್ಮೆ ಉರುಳಿಬಿದ್ದ ಜೀಪೊಂದು ಬಂತು. ಜೀಪಿನ ಮೈ ನುಜ್ಜುಗುಜ್ಜಾಗಿತ್ತು, ಅದರ ಡೀಸೆಲ್ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದನ್ನು ನಿನ್ನ ಗಾಡಿಗೆ ಕೂರಿಸಿದರೆ ಗುಡ್ಡವನ್ನು ಉಸಿರು ಬಿಡದೆ ಹತ್ತುತ್ತದೆ ಎಂದು ಮೌಲಾಸಾಬ ಹೇಳಿದ. ತೋಟಪ್ಪ ಎರಡನೆಯ ಮಾತಾಡಲಿಲ್ಲ.

ಕೆಲಸ ಒಂದು ತಿಂಗಳು ಹಿಡಿಯಿತು. ಡೀಸೆಲ್ ಎಂಜಿನ್ ಭಾರ ಹೆಚ್ಚು. ಅದಕ್ಕಾಗಿ ಮೌಲಾಸಾಬ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದ. ಎಂಜಿನ್ ಕೂರುವ ಕಬ್ಬಿಣವನ್ನು ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದ. ದೊಡ್ಡ ರೇಡಿಯೇಟರ್ ತಂದ. ಟ್ಯಾಂಕಿನಿಂದ ಪೆಟ್ರೋಲಿನ ವಾಸನೆಯೂ ಉಳಿಯದಂತೆ ತೊಳೆದ. ಚಕ್ರಗಳಿಗೆ ಹೊಸ ಬ್ರೇಕ್ ಲೈನರ್ ಹಾಕಿದ. ತೋಟಪ್ಪ ದಿನಾ ಬಂದು ಕೂತು ಪಾನಾ, ಸುತ್ತಿಗೆ ಎತ್ತಿಕೊಡುತ್ತಿದ್ದ. ಹಳೆಯ ಎಂಜಿನ್ನನ್ನು ಮೂಲೆಗೆ ಉರುಳಿಸಿ ಮೇಲೆ ಗೋಣಿತಟ್ಟು ಹೊದಿಸಿದರು. ಇಷ್ಟು ವರ್ಷ ಇದು ನನ್ನ ಮಾನ ಕಳೆದದ್ದು ಸಾಕು ಎಂದು ತೋಟಪ್ಪ ಅದರ ಕಡೆ ಬೆನ್ನು ಮಾಡಿ ಕೂತ.

ಕೊನೆಗೆ ಒಂದು ರಬ್ಬರ್ ಕೊಳವೆ ಮಾತ್ರ ಉಳಿಯಿತು. ಹೆಬ್ಬೆರಳಿನಷ್ಟು ದಪ್ಪ. ಅದರ ಒಂದು ತುದಿ ಬ್ರೇಕಿನ ಕಡೆಗಿತ್ತು, ಇನ್ನೊಂದು ತುದಿ ಹಳೆಯ ಎಂಜಿನ್ನಿಗೆ ಸೇರಿಕೊಂಡಿತ್ತು. ಹೊಸ ಎಂಜಿನ್ನಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮೌಲಾಸಾಬ ಹಿಂದೆ ಮುಂದೆ ನೋಡಿದ. ಪೆಟ್ರೋಲಿನದೇ ಏನೋ ಇರಬೇಕೆಂದುಕೊಂಡ. ಕೊಳವೆಯ ಬಾಯಿಗೆ ಒಂದು ಬೋಲ್ಟ್ ತುರುಕಿ ಬಿಗಿದುಬಿಟ್ಟ.

ಖಾಲಿ ಗಾಡಿಯನ್ನು ಊರಿನ ಸಪಾಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ನೋಡಿದರು. ಬ್ರೇಕ್ ತುಳಿಯಲು ಸ್ವಲ್ಪ ಗಟ್ಟಿಯಾಗಿತ್ತು. ಲೈನರ್ ಹೊಸದು, ನಾಲ್ಕು ದಿನ ಸವೆದರೆ ಸರಿಹೋಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡರು.

ಸಂತೆಯ ದಿನ ಗಾಡಿ ತುಂಬ ಕಲ್ಲು ಹೇರಿ ಗಂಡ ಹೆಂಡತಿ ಹೊರಟರು. ಗುಡ್ಡದ ಅರ್ಧಕ್ಕೆ ಬಂದಾಗ ಗಂಗವ್ವ ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದಳು. ಇಳಿಯುವ ಪ್ರಮೇಯವೇ ಬರಲಿಲ್ಲ. ಗಾಡಿ ಗುಡುಗುಡು ಎನ್ನುತ್ತ ಏರಿತು. ದಾರಿಯಲ್ಲಿ ಇನ್ನೊಬ್ಬ ಕಲ್ಲು ವ್ಯಾಪಾರಿಯ ಗಾಡಿ ಸಿಕ್ಕಿತು. ಅದನ್ನು ಹಿಂದೆ ಹಾಕುವಾಗ ತೋಟಪ್ಪ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಾರ್ನ್ ಒತ್ತಿದ. ನೆತ್ತಿ ಮುಟ್ಟಿದಾಗ ಅವನ ಮನಸ್ಸು ಹೂವಿನಂತಾಗಿತ್ತು. ಆ ಹುರುಪಿನಲ್ಲೇ, ಗೇರು ಇಳಿಸದೆ, ಆಚೆಯ ಇಳಿಜಾರಿಗೆ ಬಿಟ್ಟ.

ಮೊದಲ ತಿರುವಿನಲ್ಲಿ ಬ್ರೇಕ್ ತುಳಿದ. ಕಾಲಿನ ಕೆಳಗೆ ಬಂಡೆ ಇದ್ದಂತಿತ್ತು. ಇನ್ನಷ್ಟು ಒತ್ತಿದ. ಗಾಡಿ ವೇಗ ಕಳೆದುಕೊಳ್ಳಲಿಲ್ಲ. ಹಿಂದಿನ ಕಲ್ಲುಗಳೆಲ್ಲ ಒಟ್ಟಾಗಿ ಅವನನ್ನು ನೂಕುತ್ತಿದ್ದವು. ಗೇರು ಇಳಿಸಲು ನೋಡಿದ, ಅದು ಬೀಳಲಿಲ್ಲ. ಗುಡ್ಡದ ಬುಡದಲ್ಲಿ ಒಬ್ಬ ಕುರುಬ ಕುರಿ ದಾಟಿಸುತ್ತಿದ್ದ. ರಸ್ತೆಯ ತುಂಬ ಕುರಿ. ತೋಟಪ್ಪ ಸೀಟಿನಿಂದ ಎದ್ದವನಂತೆ ಎರಡೂ ಕಾಲಿನಿಂದ ಬ್ರೇಕನ್ನು ಮೆಟ್ಟಿದ. ಎಡಗಡೆ ಎಣ್ಣೆ ಗಾಣದವರು ಹಾಕಿದ್ದ ಶೇಂಗಾ ಹೊಟ್ಟಿನ ಗುಡ್ಡೆ ಕಂಡಿತು. ಸ್ಟೇರಿಂಗನ್ನು ಅತ್ತ ತಿರುಗಿಸಿದ.

ಗಾಡಿ ಹೊಟ್ಟಿನೊಳಗೆ ಅರ್ಧ ಹುದುಗಿ ನಿಂತಿತು. ಕುರಿಗಳು ತಮ್ಮ ಪಾಡಿಗೆ ರಸ್ತೆ ದಾಟಿದವು. ಗಂಗವ್ವ ತಲೆಯ ಮೇಲಿನ ಹೊಟ್ಟನ್ನು ಕೊಡವಿಕೊಂಡಳು.

‘ಏರೂದೇನೋ ಛಲೋ ಕಲತೈತಿ. ಇನ್ನ ನಿಂದ್ರೂದು ಕಲಸ್ರಿ’ ಎಂದಳು.

ತೋಟಪ್ಪನಿಗೆ ನಗು ಬಂತು. ಸದ್ದು ಕೇಳಿ ಗಾಣದ ಕೆಲಸದ ಹೆಂಗಸರೆಲ್ಲ ಹೊರಗೆ ಬಂದರು. ಗಾಡಿಯನ್ನು ಹೊರಗೆ ನೂಕಲು ಕುರುಬನೊಂದಿಗೆ ಅವರೂ ಸೇರಿದರು. ನೂಕುವಾಗಲೇ ಕಲ್ಲುಗಳನ್ನೂ ನೋಡಿದರು. ಗಂಗವ್ವ ಅಲ್ಲೇ, ಹೊಟ್ಟಿನ ಗುಡ್ಡೆಯ ಪಕ್ಕದಲ್ಲೇ, ಮೂರು ರುಬ್ಬುವ ಕಲ್ಲು ಮಾರಿದಳು.

ಸುದ್ದಿ ಕೇಳಿ ಮೌಲಾಸಾಬ ಓಡಿಬಂದ. ಗಾಡಿಯ ಕೆಳಗೆ ಮಲಗಿ ನೋಡಿದ. ಬ್ರೇಕಿನಲ್ಲಿ ದೋಷ ಸಿಗಲಿಲ್ಲ. ಶೆಡ್ಡಿಗೆ ಹಿಂತಿರುಗಿ ಮೂಲೆಯಲ್ಲಿದ್ದ ಹಳೆಯ ಎಂಜಿನ್ನಿನ ಮುಂದೆ ಕೂತ. ಆ ಕೊಳವೆ ಸೇರಿಕೊಂಡಿದ್ದ ತೂತಿಗೆ ಬೆರಳಿಟ್ಟು ಯೋಚಿಸಿದ. ಆಗ ಅವನಿಗೆ ಹೊಳೆಯಿತು. ಪೆಟ್ರೋಲ್ ಎಂಜಿನ್ ಓಡುವಾಗ ಗಾಳಿಯನ್ನು ಜೋರಾಗಿ ಒಳಗೆ ಎಳೆಯುತ್ತದೆ. ಆ ಸೆಳೆತವೇ ಕೊಳವೆಯ ಮೂಲಕ ಬ್ರೇಕಿಗೆ ಹೋಗಿ, ತುಳಿಯುವ ಕಾಲಿನ ಜೊತೆ ತಾನೂ ಬಲ ಹಾಕುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಅಂಥ ಸೆಳೆತವಿಲ್ಲ.

ಮೌಲಾಸಾಬ ತೋಟಪ್ಪನನ್ನು ಕರೆಸಿ ತಪ್ಪು ಒಪ್ಪಿಕೊಂಡ.

‘ಗಾಡಿ ಓಡಸೂದಷ್ಟ ಹಳೇ ಎಂಜಿನ್ನಿನ ಕೆಲಸಾ ಅಂತ ತಿಳಕೊಂಡಿದ್ದೆ, ತೋಟಪ್ಪ. ನಿನ್ನ ಕಾಲಿಗೂ ಅದ ಕೈ ಹಚ್ಚತಿತ್ತು.’

ತೋಟಪ್ಪ ಗೋಣಿತಟ್ಟು ಸರಿಸಿ ಹಳೆಯ ಎಂಜಿನ್ನನ್ನು ಬಹಳ ಹೊತ್ತು ನೋಡಿದ. ಸಿಟ್ಟು ಬರಲಿಲ್ಲ, ಸ್ವಲ್ಪ ನಾಚಿಕೆಯಾಯಿತು. ಮೌಲಾಸಾಬ ಗಾಳಿ ಎಳೆಯುವ ಸಣ್ಣ ಪಂಪೊಂದನ್ನು ಹುಡುಕಿ ತಂದು ಡೀಸೆಲ್ ಎಂಜಿನ್ನಿನ ಪಕ್ಕಕ್ಕೆ ಜೋಡಿಸಿದ. ಬೋಲ್ಟ್ ಕಿತ್ತು ಕೊಳವೆಯನ್ನು ಅದಕ್ಕೆ ಕೊಟ್ಟ. ಮುಂದಿನ ಸಂತೆಗೆ ತೋಟಪ್ಪ ಗುಡ್ಡವನ್ನು ಉಸಿರು ಬಿಡದೆ ಏರಿದ, ಬೆಣ್ಣೆಯಂತೆ ಇಳಿದ. ಸಂತೆಯ ಬಯಲಿಗೆ ಅವನದೇ ಮೊದಲ ಗಾಡಿ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚನ್ನವೀರ ಸಣ್ಣ ಮುಖ ಮಾಡಿಕೊಂಡು, ಹಾಗಾದರೆ ಹಳೆಯದನ್ನು ಬದಲಾಯಿಸಲೇಬಾರದೇ ಎಂದು ಕೇಳಿದ. ಹಾಗಲ್ಲ, ತೋಟಪ್ಪನ ಗಾಡಿ ಇಂದಿಗೂ ಡೀಸೆಲಿನಲ್ಲೇ ಓಡುತ್ತಿದೆ, ಸೋಮವಾರ ನೀನೂ ಹೋಗಿ ಮಾತಾಡಲೇಬೇಕು ಎಂದರು ಗುರುಗಳು. ಚನ್ನವೀರ ಹಿಗ್ಗಿದ. ಹಾಗಿದ್ದರೆ ಈಗಲೇ ಆ ಸಂಕೋಚವನ್ನು ಇಳಿಸಿಬಿಡುವ ದಾರಿ ಹೇಳಿ ಎಂದು ಮುಂದಕ್ಕೆ ಸರಿದು ಕೂತ.

‘ಹೇಳುತ್ತೇನೆ’ ಎಂದರು ಗುರುಗಳು. ‘ಆಡಿದ್ದರೆ ನೀನು ಪಶ್ಚಾತ್ತಾಪ ಪಡಬೇಕಾಗುತ್ತಿದ್ದ ಮಾತುಗಳನ್ನು ಈ ಆರು ವರ್ಷ ನಿನ್ನ ನಾಲಿಗೆಯ ತುದಿಯಲ್ಲಿ ಹಿಡಿದು ನಿಲ್ಲಿಸಿದವರು ಯಾರು ಎಂದು ಮೊದಲು ನೀನು ಹೇಳು.’