ತಲೆ ಆಡಿಸಿದರೆ ಒಪ್ಪಿಗೆ

ನಂಬಲ್ಲ ಅಂತೀರಾ? ನಂಬಬೇಡಿ! ನಿಮ್ಮೂರಲ್ಲಿ ಎಂಥೆಂಥ ಪೆದ್ದರಿದ್ದರೂ ಕರ್ಕೊಂಡು ಬನ್ನಿ, ನಮ್ಮೂರ ಸಣ್ಣೀರನ ಮುಂದೆ ಅವರೆಲ್ಲ ಮೇಷ್ಟ್ರುಗಳು. ಪೆದ್ದತನದಲ್ಲೂ ನಮ್ಮೂರನ್ನ ಮೀರಿಸೋರು ಹುಟ್ಟಿಲ್ಲ.

ಸಣ್ಣೀರನಿಗೆ ಇದ್ದವಳು ಅವ್ವ ಒಬ್ಬಳೇ, ಗಾದ್ರಕ್ಕ. ಗಂಡ ಸತ್ತು ಹನ್ನೆರಡು ವರ್ಷ. ಅವಳಿಗೆ ಮೂರು ದಿನದಿಂದ ಬಿಡದ ಜ್ವರ. ಮೈ ಕಾದ ಹೆಂಚು, ಬಾಯಿ ಅದಕ್ಕಿಂತ ಬಿಸಿ.

"ಏಯ್ ಮಂಕೇ! ಬೇಲಿ ಮೇಲೆ ಅಮೃತಬಳ್ಳಿ ಹಬ್ಬೈತೆ, ಒಂದು ಗೇಣು ತಾ. ಸುಮ್ಮನೆ ಕೊಯ್ಯಬಾರದು, ಕೈ ಮುಗಿದು ಅಪ್ಪಣೆ ಕೇಳಬೇಕು!"

ಹೋದ. ಕೈ ಮುಗಿದ. "ಬಳ್ಳಿಯಮ್ಮಾ, ಕೊಯ್ಯಲಾ?" ಬಳ್ಳಿ ಸುಮ್ಮನಿತ್ತು. ಇನ್ನೊಮ್ಮೆ ಕೇಳಿದ, ಸುಮ್ಮನಿತ್ತು. ನೂರು ಸಲ ಕೇಳಿದ, ಸುಮ್ಮನಿತ್ತು. ಹೊತ್ತು ಮುಳುಗಿತು, ಬರಿಗೈಲಿ ಬಂದ.

"ಅವ್ವಾ, ಅದಕ್ಕೆ ನಮ್ಮ ಮೇಲೆ ಸಿಟ್ಟು. ಮಾತೇ ಆಡಲ್ಲ."

"ನಿನ್ನ ಮುಖಕ್ಕೆ ಬೆಂಕಿ ಹಾಕ! ಬಳ್ಳಿ ಮಾತಾಡುತ್ತೇನಲೇ? ತಲೆ ಆಡಿಸಿದರೆ ಒಪ್ಪಿಗೆ ಅಂತ ತಿಳ್ಕೋ! ಬುಡ ಬಿಟ್ಟು ತುದಿ ಕೊಯ್ಕೊಂಡು ಬಾ!"

ಬೆಳಿಗ್ಗೆ ಹೋದ, ಕೇಳಿದ. ಗಾಳಿ ಬೀಸಿತು, ಬಳ್ಳಿ ತಲೆ ಆಡಿಸಿತು. ಕೊಯ್ದು ತಂದ. ಗೇಣುದ್ದ, ಸರಿಯಾಗಿ! ಗಾದ್ರಕ್ಕನೇ ಬೆಚ್ಚಿಬಿದ್ದಳು.

"ಇನ್ನು ನಾಟಿ ವೈದ್ಯ ಓಬಳಜ್ಜನ್ನ ಹಂಗೇ ಕೈ ಮುಗಿದು ಕೇಳಿ ಕರ್ಕೊಂಡು ಬಾ. ಅಳತೆ ತಪ್ಪಿದರೆ ಮದ್ದೇ ವಿಷ!"

ಓಬಳಜ್ಜನಿಗೆ ಎಂಬತ್ತು. ವಯಸ್ಸಿಗೆ ತಲೆ ತಂತಾನೇ ಅಲ್ಲಾಡೋದು. ಜಗಲಿ ಮೇಲೆ ಕೂತಿದ್ದ, ಎದೆ ಮುಟ್ಟೋ ಗಡ್ಡ. ಸಣ್ಣೀರ ಕೈ ಮುಗಿದ. "ಅಜ್ಜಾ, ಕೊಯ್ಯಲಾ?" ಅಜ್ಜನ ತಲೆ ಆಡಿತು. ಒಪ್ಪಿಗೆ! ಬುಡ ಬಿಟ್ಟ, ಬಳ್ಳಿ ಕೊಯ್ದ ಕುಡುಗೋಲಲ್ಲೇ ಗಡ್ಡದ ತುದಿ ಕೊಯ್ದ, ಮನೆಗೆ ಓಡಿದ.

"ಅವ್ವಾ, ಅಜ್ಜನ್ನ ತಂದೆ!"

"ಅಯ್ಯೋ ನನ್ನ ಹೊಟ್ಟೆ ಉರಿಸಾಕೇ ಹುಟ್ಟಿದೆಯಲ್ಲೋ!"

ಹಿಂದೆಯೇ ಅಜ್ಜ, ದೊಣ್ಣೆ ಹಿಡ್ಕೊಂಡು! ಬಂದವನು ಜ್ವರದ ಗಾದ್ರಕ್ಕನ್ನ ನೋಡಿದ, ದೊಣ್ಣೆ ಇಳಿಸಿದ. ಸಣ್ಣೀರನನ್ನ ಒಲೆ ಹತ್ತಿರಕ್ಕೂ ಬಿಡದೆ ತಾನೇ ಬಳ್ಳಿ ಜಜ್ಜಿ, ಕುದಿಸಿ, ಶೋಧಿಸಿ, ಅರ್ಧ ಲೋಟ ಇಟ್ಟ.

"ಕೇಳಲೇ ಕತ್ತೆ! ಇದಕ್ಕಿಂತ ಒಂದು ಹನಿ ಹೆಚ್ಚು ಬೇಡ. ಬಸುರಿಗೆ ಕೊಡಬಾರದು. ಸಕ್ಕರೆ ಕಾಯಿಲೆ ಮಾತ್ರೆ ನುಂಗೋರು ನನ್ನ ಕೇಳದೆ ಕುಡೀಬಾರದು. ನಾಳೆಗೂ ಜ್ವರ ಇಳೀದಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗು. ಯಾರಿಗೇ ಆಗಲಿ, ಮೊದಲು ಕೇಳು, ಆಮೇಲೆ ಕೊಡು!"

ಅಜ್ಜ ಮೋಟು ಗಡ್ಡ ಸವರಿಕೊಂಡು ಹೋದ. ಸಣ್ಣೀರ ಲೋಟ ಹಿಡಿದು ಅವ್ವನ ಮುಂದೆ ನಿಂತ.

"ಅವ್ವಾ, ಸಕ್ಕರೆ ಮಾತ್ರೆ ನುಂಗ್ತೀಯಾ?"

"ಇಲ್ಲ ಕಣಲೇ, ಕೊಡು!"

"ಅವ್ವಾ, ನೀನು ಬಸುರಿಯಾ?"

ಗಾದ್ರಕ್ಕನಿಗೆ ಸಿಟ್ಟಿಗೆ ಬಾಯೇ ಕಟ್ಟಿತು. ತಲೆ ಆಡಿಸಿದಳು, ಜೋರಾಗಿ, ಎರಡೂ ಕಡೆಗೆ.

ಒಪ್ಪಿಗೆ! ಸಣ್ಣೀರ ಲೋಟ ಹಿಡ್ಕೊಂಡೇ ಬೀದಿಗೆ ಓಡಿದ. "ಓಬಳಜ್ಜಾ! ನಿಲ್ಲು! ನಮ್ಮವ್ವ ಬಸುರಿ! ಒಪ್ಕೊಂಡಳು! ಕಷಾಯ ಕೊಡಂಗಿಲ್ಲ!"

ಬೀದಿಯ ಬಾಗಿಲೆಲ್ಲ ತೆರೆದವು. ನಾಲ್ಕು ದಿನದಿಂದ ಮೇಲೇಳದ ಗಾದ್ರಕ್ಕ ಎದ್ದಳು, ಓಡಿದಳು, ಲೋಟ ಕಿತ್ಕೊಂಡು ನಡುಬೀದಿಯಲ್ಲೇ ಗಟಗಟ ಕುಡಿದಳು. ಸಂಜೆಗೆ ಜ್ವರ ಇಳಿಯಿತು. ಕಷಾಯಕ್ಕೋ ಸಿಟ್ಟಿಗೋ, ಅಜ್ಜನಿಗೂ ಗೊತ್ತಿಲ್ಲ. ಆದರೆ ಅದು ಸಂಜೆಯ ಮಾತು. ಕಷಾಯ ಕುಡಿದ ಕೂಡಲೇ, ನಡುಬೀದಿಯಲ್ಲೇ, ಪಕ್ಕದ ಮನೆ ಬಾಗಿಲ ಪೊರಕೆ ಅವಳ ಕೈ ಸೇರಿತ್ತು.

"ಮೊದಲು ಕೇಳ್ತೀನಿ ಕಣಲೇ. ಹೊಡೀಲಾ?"

ಸಣ್ಣೀರ ಬೇಡ ಬೇಡ ಅಂತ ತಲೆ ಆಡಿಸಿದ.

"ಒಪ್ಪಿಗೆ!" ಅಂದಳು ಅವ್ವ.

ಕೊನೆಗೆ ಸಣ್ಣೀರನಿಗೆ ಸಿಕ್ಕಿದ್ದು ಒಂಬತ್ತು ಪೊರಕೆ ಏಟು.