ಕಂಚುಗಾರಗೇರಿಯ ತಾಯಿ

"ಗುರುಗಳೇ, ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ತಿಳಿಯಲು ತಾಯಿಯನ್ನು ಯಾಕೆ ಕೇಳಬೇಕು? ಹೆತ್ತವರಿಗೆ ಹೆಗ್ಗಣ ಮುದ್ದು. ಕೇಳಿದ್ದಕ್ಕೆಲ್ಲ 'ಹೌದು, ಹೌದು' ಅನ್ನುತ್ತಾರೆ. ನಾವೇ ಮಗುವನ್ನು ನೋಡಿದರೆ ಸಾಲದೇ?"

ಹೀಗೆ ಕೇಳಿದವನು ಚೆನ್ನಮಲ್ಲ. ವೈದ್ಯ ಕಲಿಯಲೆಂದು ಮಠಕ್ಕೆ ಸೇರಿದವನು. ಎಳೆಯ ಮಕ್ಕಳಿರುವ ಮನೆಗಳಿಗೆ ಹೋಗಿ, ಮಗು ಕೂರುತ್ತದೆಯೇ, ನಿಲ್ಲುತ್ತದೆಯೇ, ಬೇಕಾದ್ದನ್ನು ಬೊಟ್ಟು ಮಾಡಿ ತೋರಿಸುತ್ತದೆಯೇ ಎಂದು ತಾಯಂದಿರನ್ನು ಕೇಳಿ ಬರುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಆ ಕೆಲಸ ಅವನಿಗೆ ಬೇಸರ ತಂದಿತ್ತು.

ಗುರುಗಳು ಅರೆಯುತ್ತಿದ್ದ ಬೇರನ್ನು ಬದಿಗಿಟ್ಟರು. "ಹೆಗ್ಗಣದ ಮಾತು ಹಾಗಿರಲಿ. ಒಬ್ಬಳು ತಾಯಿಯ ಮಾತು ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಕೇಳು" ಎಂದು ಕತೆ ತೆಗೆದರು.

ಒಂದು ಪಟ್ಟಣದ ಕಂಚುಗಾರಗೇರಿಯಲ್ಲಿ ಒಬ್ಬ ಕಂಚುಗಾರನಿದ್ದ. ಬೆಳಗಾದರೆ ಸಾಕು, ಕೇರಿಯ ತುಂಬ ಸುತ್ತಿಗೆಯ ಸದ್ದು. ಗಂಟಲು ಹರಿದುಕೊಂಡರೂ ಪಕ್ಕದಲ್ಲಿದ್ದವರಿಗೆ ಕೇಳಿಸದು. ಹಾಗಾಗಿ ಅಲ್ಲಿ ಹಗಲು ಹೊತ್ತು ಬಾಯಿಗೆ ಕೆಲಸವೇ ಇಲ್ಲ. ಊಟಕ್ಕೆ ಕರೆಯಬೇಕಾದರೆ ಕೈ ಬೀಸುತ್ತಿದ್ದರು, ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಿದ್ದರು. ಹೊಸದಾಗಿ ಬಂದ ಸೊಸೆ ಮೊದಲು ಕಲಿಯುತ್ತಿದ್ದುದೇ ಇದನ್ನು. ಅಮಾವಾಸ್ಯೆಯ ದಿನ ಮಾತ್ರ ಕೆಲಸಕ್ಕೆ ಬಿಡುವು. ಅಂದು ಕೇರಿಯಲ್ಲಿ ಮಾತು ಕೇಳಿಸುತ್ತಿತ್ತು.

ಕಂಚುಗಾರನಿಗೆ ಒಬ್ಬಳು ಮಗಳು. ಎರಡು ವರ್ಷ ತುಂಬಿತ್ತು. ನಗುನಗುತ್ತ ಮನೆಯೆಲ್ಲ ಓಡಾಡಿಕೊಂಡಿದ್ದ ಮಗು. ಒಂದು ಅಮಾವಾಸ್ಯೆಯ ದಿನ ಹಿತ್ತಿಲ ಕಲ್ಲಿನ ಮೇಲೆ ಕೊಪ್ಪರಿಗೆಯೊಂದು ಉರುಳಿ ಬಿತ್ತು. ಪಕ್ಕದ ಮನೆಯ ತೊಟ್ಟಿಲಲ್ಲಿ ಮಲಗಿದ್ದ ಕೂಸು ಕೂಡ ಬೆಚ್ಚಿ ಅತ್ತಿತು. ಈ ಮಗು ಬೆಲ್ಲ ಚೀಪುತ್ತ ತನ್ನ ಪಾಡಿಗೆ ಕೂತಿತ್ತು.

ತಾಯಿ ಅದನ್ನು ಕಂಡಳು. ಅತ್ತೆಗೆ ಹೇಳಿದಳು. "ಬಿಡ್ತು ಅನ್ನು! ಬಂಗಾರದಂಥ ಮಗುವಿಗೆ ಇಲ್ಲದ್ದನ್ನು ಅಂಟಿಸಬೇಡ. ಇವಳಪ್ಪನೂ ಬಾಯಿ ಬಿಟ್ಟದ್ದು ತಡವಾಗಿಯೇ" ಎಂದು ಅತ್ತೆ ಗದರಿದಳು. ಸೊಸೆ ಬಿಡ್ತು ಎಂದಳು. ಆದರೆ ಆ ಭಯ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಅದೇ ಪಟ್ಟಣದ ವೈದ್ಯನೊಬ್ಬ ಮಕ್ಕಳನ್ನು ನೋಡಲು ಕೇರಿಗೆ ಬಂದ. ಮಕ್ಕಳ ವೈದ್ಯದಲ್ಲಿ ಹೆಸರು ಮಾಡಿದವನು. ಚೆನ್ನಮಲ್ಲ, ನಿನ್ನ ಹಾಗೆಯೇ ಬಲು ಚುರುಕು. ಸುತ್ತಿಗೆಯ ಸದ್ದಿನ ನಡುವೆಯೇ ಜಗಲಿಯ ಮೇಲೆ ಕೂತು, ತಾಯಿಯ ಕಿವಿಯ ಹತ್ತಿರ ಕೂಗಿ ಕೂಗಿ ಕೇಳಿದ. ಕರೆದರೆ ಬರುತ್ತಾಳೆಯೇ? ಬರುತ್ತಾಳೆ. ಬೇಕೆಂದದ್ದನ್ನು ತಂದುಕೊಡುತ್ತಾಳೆಯೇ? ತಂದುಕೊಡುತ್ತಾಳೆ. ಒಂದೂ ಸುಳ್ಳಲ್ಲ. ಕೈ ಬೀಸಿದರೆ ಮಗು ಬರುತ್ತಿತ್ತು, ಬೊಟ್ಟು ಮಾಡಿದರೆ ತರುತ್ತಿತ್ತು. ಕೇರಿಯ ಎಲ್ಲ ಮಕ್ಕಳೂ ಹಾಗೆಯೇ.

ವೈದ್ಯನಿಗೆ ತನ್ನ ಕಣ್ಣಿನ ಮೇಲೂ ಬಹಳ ನಂಬಿಕೆ. ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ತಾಯಿಯ ಕಣ್ಣು ಅತ್ತ ಹೋಯಿತು. ತಾಯಿಯ ಮುಖವನ್ನೇ ನೋಡುತ್ತಿದ್ದ ಮಗುವೂ ಅತ್ತ ತಿರುಗಿತು. "ಮಗು ಚೆನ್ನಾಗಿದೆ, ತಾಯಿ" ಎಂದು ಅವನು ಎದ್ದ.

ಆಕೆ ಅವನ ಹಿಂದೆಯೇ ಬೀದಿಯವರೆಗೂ ಬಂದಳು. ಕೊಪ್ಪರಿಗೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟು ತಿಳಿದವರೇ ಚೆನ್ನಾಗಿದೆ ಎಂದ ಮೇಲೆ ಹೇಳಲು ನಾನು ಯಾರು ಎಂದು ನುಂಗಿಕೊಂಡಳು. ವೈದ್ಯ ಆಗಲೇ ಪಕ್ಕದ ಮನೆಯನ್ನು ಹೊಕ್ಕಿದ್ದ.

ಮುಂದಿನ ಅಮಾವಾಸ್ಯೆ ಬಂತು. ಕೇರಿ ಸುಮ್ಮನಾಗಿತ್ತು. ಆಕೆ ಬಾಗಿಲ ಮರೆಯಲ್ಲಿ ನಿಂತು ಮಗುವನ್ನು ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ಅಳುತ್ತ ಕರೆದಳು. ಮಗು ಬೆನ್ನು ಮಾಡಿಕೊಂಡು ಆಡುತ್ತಲೇ ಇತ್ತು. ಅವಳು ಅತ್ತೆಯನ್ನು ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೇರವಾಗಿ ವೈದ್ಯನ ಮನೆಗೆ ನಡೆದಳು.

ವೈದ್ಯ ಅವಳು ಹೇಳಿದ್ದನ್ನೆಲ್ಲ ಕೇಳಿದ. ಸದ್ದಿಲ್ಲದ ಕೋಣೆಯಲ್ಲಿ ಮಗುವನ್ನು ಮತ್ತೆ ನೋಡಿದ. ಅವನ ಮುಖ ಸಣ್ಣಗಾಯಿತು. "ಅಲ್ಲಮ್ಮ, ಇದನ್ನು ಅಂದೇ ಯಾಕೆ ಹೇಳಲಿಲ್ಲ?"

"ಮಗುವಿಗೆ ಏನೇನು ಬರುತ್ತದೆ ಎಂದು ಕೇಳಿದಿರಿ, ಹೇಳಿದೆ. ನಿನಗೇನು ಭಯ ಎಂದು ನೀವು ಕೇಳಲಿಲ್ಲವಲ್ಲ, ಸ್ವಾಮಿ."

ವೈದ್ಯ ಒಳ್ಳೆಯವನು, ತಪ್ಪು ಒಪ್ಪಿಕೊಂಡ. "ಕಿವಿಯನ್ನು ನಾನು ತಂದುಕೊಡಲಾರೆ, ತಾಯಿ. ಆದರೆ ಹೊತ್ತು ಮೀರಿಲ್ಲ, ಸರಿಯಾದ ಕಾಲಕ್ಕೇ ಬಂದಿದ್ದೀಯ. ನಿಮ್ಮ ಕೇರಿಯ ಕೈಸನ್ನೆಯನ್ನೇ ಬೆಳೆಸಿರಿ. ಅನ್ನಕ್ಕೊಂದು, ಹಸುವಿಗೊಂದು, ಕೋಪಕ್ಕೊಂದು, ನಾಳೆ ಎನ್ನುವುದಕ್ಕೊಂದು. ಮನೆಯವರೆಲ್ಲ ಕಲಿಯಿರಿ" ಎಂದ. ಎಲ್ಲರೂ ಕಲಿತರು. ಮರುವರ್ಷದ ಹೊತ್ತಿಗೆ ಆ ಹುಡುಗಿ ಅಜ್ಜಿಯ ಜೊತೆ ಕೈಯಲ್ಲೇ ಜಗಳ ಕಾಯುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ತಾಯಿ ಅಂದು ಸುಮ್ಮನೆ ಕೂತಿದ್ದರೆ ಊರು ಆ ಮಗುವಿಗೆ ಪೆದ್ದಿ ಎಂದು ಹೆಸರಿಟ್ಟು ಮೂಲೆಯಲ್ಲಿ ಕೂರಿಸುತ್ತಿತ್ತು.

ಅಂದಿನಿಂದ ಆ ವೈದ್ಯ ತಾಯಂದಿರನ್ನು ಕೇಳುವುದನ್ನು ಬಿಡಲಿಲ್ಲ. ಕೇಳುವ ರೀತಿಯನ್ನು ತಿದ್ದಿಕೊಂಡ. ಕರೆದರೆ ಬರುತ್ತಾಳೆ ಎಂದು ತಾಯಿ ಹೇಳಿದರೆ, ಹೇಗೆ ಕರೆಯುತ್ತೀ ತೋರಿಸು ಎನ್ನುತ್ತಿದ್ದ. ಎಲ್ಲ ಮುಗಿದ ಮೇಲೆ, ಮಗುವಿನ ವಿಷಯದಲ್ಲಿ ನಿನ್ನ ಮನಸ್ಸನ್ನು ಕೊರೆಯುತ್ತಿರುವುದು ಏನಾದರೂ ಇದೆಯೇ ಎಂದು ಕೇಳುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಚೆನ್ನಮಲ್ಲ ಸ್ವಲ್ಪ ಸೆಟೆದುಕೊಂಡೇ ಹೇಳಿದ: "ಆ ಕೊನೆಯ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ಗುರುಗಳೇ. ಒಬ್ಬಳೂ ಬಾಯಿ ಬಿಡುವುದಿಲ್ಲ. ಎಲ್ಲರದ್ದೂ ಒಂದೇ ಉತ್ತರ, 'ಏನೂ ಇಲ್ಲ' ಅಂತ."

ಗುರುಗಳು ಅವನ ಮುಖ ನೋಡಿ ಕೇಳಿದರು: "ಏನೂ ಇಲ್ಲ ಎಂದ ಮೇಲೆ ನೀನು ಎಷ್ಟು ಹೊತ್ತು ಕೂತಿರುತ್ತೀ?"