ನೆತ್ತಿಗೇರಿದ ಪಿತ್ತ

"ಗುರುಗಳೆ, ನಮ್ಮದು ಐದು ತಲೆಮಾರಿನಿಂದ ಹೆಸರಾದ ಮನೆತನ. ನಮ್ಮ ಹೊಸ್ತಿಲು ದಾಟಿ ಒಂದು ಕೆಟ್ಟ ಮಾತು ಹೊರಗೆ ಹೋದದ್ದಿಲ್ಲ. ಆದರೂ ನಿನ್ನೆ ನೆರೆದವರ ಮುಂದೆ ನಮ್ಮ ಅತ್ತಿಗೆಯನ್ನು ಬಂಜೆ ಎಂದುಬಿಟ್ಟೆ. ಆಗಿನಿಂದ ಅವರು ಅನ್ನ ಮುಟ್ಟಿಲ್ಲ. ನನಗೆ ಪಿತ್ತ ನೆತ್ತಿಗೇರಿತ್ತು, ಅಷ್ಟೆ. ಈ ಮಾತು ಎಲ್ಲಿ ಹುಟ್ಟಿತು? ಪಿತ್ತ ನಿಜಕ್ಕೂ ನೆತ್ತಿಗೆ ಏರುತ್ತದೆಯೆ?" ಎಂದು ಅಂಬುಜಾಕ್ಷಿ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ಹಾಸುನೂಲು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಆ ಕೆಲಸ ಅವನ ಮುದಿ ತಾಯಿಯದು. ಬೆರಳಿಗೆ ಬೂದಿ ಹಚ್ಚಿಕೊಂಡು ಸಾವಿರಾರು ಎಳೆ ಹೊಸೆಯುವಳು. ಒಮ್ಮೆ ಕಣ್ಣು ಮಂಜಾಗಿ ಅಂಚಿನ ಬಣ್ಣ ತಪ್ಪಿತು. ನೇಕಾರ ಕತ್ತರಿ ತಂದು, ಅವಳು ಎರಡು ದಿನ ಕೂತು ಕೂಡಿಸಿದ್ದನ್ನೆಲ್ಲ ಕತ್ತರಿಸಿ ಹಾಕಿದ. "ಕಣ್ಣು ಹೋದ ಮೇಲೆ ಕೈ ಯಾಕೆ ಇಟ್ಟುಕೊಂಡಿದ್ದೀ?" ಎಂದ.

ನೆರೆಯವರು ಛೀಮಾರಿ ಹಾಕಿದಾಗ, ಪಿತ್ತ ನೆತ್ತಿಗೇರಿತ್ತು ಎಂದ. ಹಾಗೆಯೇ ನಂಬಿ ಪಂಡಿತನ ಬಳಿಗೂ ಹೋದ.

ಪಂಡಿತ ನಾಡಿ ಹಿಡಿದ. "ಪಿತ್ತ ತನ್ನ ಜಾಗದಲ್ಲೇ ಇದೆಯಲ್ಲಯ್ಯಾ. ನೀನು ಎಳೆ ಕತ್ತರಿಸಿದ ದಿನವೇ ಬೆಳಿಗ್ಗೆ ಸಾಹುಕಾರರು ನೀನು ನೇಯ್ದ ಸೀರೆಯನ್ನು ನಿನ್ನ ಮುಖಕ್ಕೇ ಎಸೆದರಂತೆ. ಆಗ ಏರಲಿಲ್ಲವೆ?"

"ಎಲ್ಲಾದರೂ ಉಂಟೆ ಪಂಡಿತರೆ! ಅವರು ಸಾಹುಕಾರರು."

ಅಂಬುಜಾಕ್ಷಿಗೆ ನಗು ಬಂತು. ಗುರುಗಳು ನಗಲಿಲ್ಲ.

ಈ ಪಂಡಿತನಿಗೆ ನಾಡಿಯೇ ತಿಳಿಯದು ಎಂದುಕೊಂಡು ನೇಕಾರ ಪಕ್ಕದೂರಿನ ಪಂಡಿತನನ್ನು ಕಂಡ. ಅವನು ನಲವತ್ತು ದಿನದ ಕಷಾಯ ಕೊಟ್ಟ. ರೋಗ ಕಳೆಯಲಿ, ಆಮೇಲೆ ತಾಯಿಯ ಹತ್ತಿರ ಕೂತು ಮಾತಾಡೋಣ ಎಂದು ನೇಕಾರ ಪಥ್ಯ ಹಿಡಿದ. ತಾಯಿ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿರುತ್ತಿದ್ದಳು. "ನನ್ನ ಮಗನಿಗೆ ಗುಣವಾಗುತ್ತಿದೆಯೇನಮ್ಮಾ?" ಎಂದು ಹೋಗಿ ಬರುವವರನ್ನು ಕೇಳುತ್ತಿದ್ದಳು. ಮೂವತ್ತೆಂಟನೆಯ ದಿನ, ಕೂತಲ್ಲಿಯೇ ತೀರಿಕೊಂಡಳು.

ಅಂಬುಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಮಾತು ಹುಟ್ಟಿದ್ದೆಲ್ಲಿ ಎಂದು ತಾವು ಹೇಳಲೇ ಇಲ್ಲ" ಎಂದಳು.

"ತಪ್ಪಾಯಿತು ಎನ್ನಬೇಕಾದ ಬಾಯಲ್ಲಿ; ಏಳು, ಹೋಗಿ ನಿನ್ನ ಅತ್ತಿಗೆಯ ಕ್ಷಮೆ ಕೇಳು."